ಖಂಡೇ ಪೂಜೆಯ ನಾಲ್ಕು ಡಬ್ಬಿಗಳು

ಬಸವನ ಬಾಗೇವಾಡಿಯ ಒಂದು ಸ್ಕ್ಯಾನಿಂಗ್ ಕೇಂದ್ರದ ಸರ್ವರ್ ದಸರೆ ಮುಗಿದ ಮರುದಿನ ಏಳಲೇ ಇಲ್ಲ. ಗುಂಡಿ ಒತ್ತಿದರೆ ಫ್ಯಾನು ಗುರ್ರೆನ್ನುತ್ತಿತ್ತು, ಪರದೆಯ ಮೇಲೆ ಮಾತ್ರ ಡಿಸ್ಕ್‌ಗಳ ಜೋಡಣೆ ತಪ್ಪಿದೆ ಎಂಬ ಒಂದೇ ಸಾಲು. ಹೊರಗೆ ಬೆಂಚಿನ ತುಂಬ ಬಸುರಿಯರು, ಪೆಟ್ಟು ಬಿದ್ದವರು. ಒಳಗೆ ಡಾಕ್ಟರ್ ರಾಜೇಶ್ವರಿಯವರ ಹುಬ್ಬು ಗಂಟಿಕ್ಕಿತ್ತು.

ಇಂಡಿ ಪಟ್ಟಣದಿಂದ ಜಹೀರ ಬೈಕು ಹತ್ತಿ ಬಂದ. ಈ ಸರ್ವರ್ ಕೂಡಿಸಿಕೊಟ್ಟವನು ಅವನೇ. ಅದರೊಳಗೆ ನಾಲ್ಕು ಡಿಸ್ಕು. ರೋಗಿಗಳ ಪ್ರತಿ ಸ್ಕ್ಯಾನ್ ಚಿತ್ರವೂ ತುಂಡಾಗಿ ನಾಲ್ಕರಲ್ಲೂ ಹಂಚಿರುತ್ತದೆ, ಒಂದು ಕೆಟ್ಟರೆ ಉಳಿದ ಮೂರು ಸಂಭಾಳಿಸುತ್ತವೆ. ಈಗ ನಾಲ್ಕೂ ಸೇರಿ ಮುನಿಸಿಕೊಂಡಿದ್ದವು. ಬೇರೆ ಕಡೆ ನಕಲು ಇರಲಿಲ್ಲವೇ ಎಂದು ಕೇಳಬೇಡಿ. ನಕಲು ತೆಗೆಯುವ ಯಂತ್ರ ಎಂದೋ ಕೆಟ್ಟಿತ್ತು. ಮಳೆ ಬಂದಾಗಲೇ ಮಾಳಿಗೆ ಸೋರುವುದು ನೆನಪಾಗುವುದು ನಮ್ಮ ಜನರ ಜಾಯಮಾನ.

ಜಹೀರ ವೈರು ಬದಲಿಸಿದ, ಡಿಸ್ಕು ಎಳೆದು ನೋಡಿದ, ಕಂಪನಿಗೆ ಫೋನು ಹಚ್ಚಿದ. ಕೊನೆಗೆ ಡಾಕ್ಟರಿಗೆ ಹೇಳಿದ: ಜೋಡಣೆಯನ್ನು ಹೊಸದಾಗಿ ಮಾಡಿದರೆ ಸರ್ವರ್ ಏಳುತ್ತದೆ, ಆದರೆ ಇದುವರೆಗಿನ ಎಲ್ಲರ ಸ್ಕ್ಯಾನ್‌ಗಳೂ ಅಳಿಸಿಹೋಗುತ್ತವೆ.

ಬಾಗಿಲ ಬಳಿ ಕಸಬರಿಗೆ ಹಿಡಿದು ನಿಂತಿದ್ದ ಗುರವ್ವ ಅದನ್ನು ಗೋಡೆಗೆ ಒರಗಿಸಿ ಆ ಡಿಸ್ಕುಗಳ ಕಡೆ ನೋಡಿದಳು. ಹೂವಿನ ಹಿಪ್ಪರಗಿಯ ಹೊಲಗಳಲ್ಲಿ ಕಳೆ ತೆಗೆದು ಬೆನ್ನು ಸುಟ್ಟುಕೊಂಡವಳಿಗೆ ಜೀವಮಾನದಲ್ಲಿ ಮೊದಲ ಸಲ ಸಿಕ್ಕ ನೆರಳಿನ ಕೆಲಸ ಇದು. ಅದಕ್ಕೇ ದಸರೆಯ ಆಯುಧಪೂಜೆ, ಖಂಡೇ ಪೂಜೆ, ತಾನೇ ಮಾಡುತ್ತೇನೆಂದು ಕೇಳಿಕೊಂಡು ಮಾಡಿದ್ದಳು. ಅನ್ನ ಕೊಡುವ ಸಾಮಾನಿಗೆ ಬರೀ ಮೇಲೆ ಮೇಲೆ ವಿಭೂತಿ ಹಚ್ಚಿದರೆ ಆದೀತೆ? ಹಬ್ಬಕ್ಕೆಂದು ಬಂದ್ ಮಾಡಿಟ್ಟಿದ್ದ ಸರ್ವರಿನ ನಾಲ್ಕೂ ಡಿಸ್ಕಿನ ಡಬ್ಬಿಗಳ ಹಿಡಿಕೆ ಜಗ್ಗಿ ಹೊರಗೆ ತೆಗೆದು, ಮಣೆಯ ಮೇಲೆ ಸಾಲಾಗಿ ಕೂರಿಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದಳು. ಹಿಡಿಕೆ ಜಗ್ಗುವುದನ್ನು ಜಹೀರ ಧೂಳು ಊದುವಾಗ ನೋಡಿ ಕಲಿತಿದ್ದಳು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಹಿಂದೊಮ್ಮೆ ಪ್ರಿಂಟರ್ ಬೀಳಿಸಿದ ಆಯಾಳನ್ನು ಡಾಕ್ಟರು ಅಂದೇ ಕೆಲಸದಿಂದ ಬಿಡಿಸಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹಬ್ಬಕ್ಕೆ ಕುರ್ಚಿಗೂ ಕುಂಕುಮ ಬಿದ್ದಿತ್ತು, ಡಿಸ್ಕಿನ ಅಂಚಿನ ವಿಭೂತಿ ಯಾರಿಗೂ ಹೊಸದೆನಿಸಲಿಲ್ಲ. ಆದರೆ ಹೊರಗೆ ಕುಳಿತವರಲ್ಲಿ ತಲೆಯೊಳಗೆ ಗಡ್ಡೆ ಇದ್ದ ಮುದುಕಿಯೊಬ್ಬಳಿದ್ದಳು. ಹಳೆಯ ಚಿತ್ರಕ್ಕೆ ಹೊಸದನ್ನು ಹೋಲಿಸಿಯೇ ಅವಳ ಔಷಧ ನಡೆಯುತ್ತಿತ್ತು. ಮುದುಕಿ ಬಂದಾಗಲೆಲ್ಲ ಕೈಹಿಡಿದು ಒಳಗೆ ಕರೆತರುತ್ತಿದ್ದವಳು ಗುರವ್ವನೇ.

ಆಗಲಿ, ಹೊಸದಾಗಿಯೇ ಮಾಡು ಎಂದರು ಡಾಕ್ಟರು. ಜಹೀರನ ಬೆರಳು ಕೀಲಿಮಣೆಯ ಮೇಲೆ ಹೋಯಿತು.

"ತಡೀರಿ," ಎಂದಳು ಗುರವ್ವ. "ಆ ಡಬ್ಬಿ ನಾನ ಹೊರಗ ತಗದಿದ್ನಿರಿ, ಪೂಜಾಕ್ಕ."

ಜಹೀರ ತಿರುಗಿದ. "ಹೊಳ್ಳಿ ಹೆಂಗ ಇಟ್ರಿ ಯಕ್ಕಾ? ನೆನಪು ಮಾಡ್ಕೋರಿ."

"ಎಡಕ್ಕಿಂದ ತಗದಿದ್ನಿರಿ. ಇಡೂ ಮುಂದ ಮೊದಲ ತಗದದ್ದನ್ನ ಬಲಕ್ಕ ಇಟ್ನಿ. ಒಳ್ಳೇ ಕೆಲಸಾ ಬಲಕ್ಕಿಂದ ಶುರು ಮಾಡಬೇಕಲ್ರಿ."

ಸಾಲು ಪೂರಾ ತಿರುವುಮುರುವಾಗಿತ್ತು. ಹಳೆಯ ಮಾದರಿಯ ಸರ್ವರ್, ಗೂಡು ಬದಲಾದರೆ ತನ್ನ ಡಿಸ್ಕನ್ನೇ ಗುರುತಿಸುತ್ತಿರಲಿಲ್ಲ. ಡಾಕ್ಟರರ ಕಣ್ಣು ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಜಹೀರ ಹೇಳಿದ, "ತಪ್ಪು ನಂದರಿ ಮೇಡಂ. ಕೂಡಿಸಿದಾಗ ಡಿಸ್ಕಿನ ಮ್ಯಾಲ ನಂಬರ್ ಹಾಕಬೇಕಿತ್ತು, ಹಾಕಲಿಲ್ಲ."

ವಿಭೂತಿ ಒರೆಸಿ, ನಾಲ್ಕನ್ನೂ ಮೊದಲಿನ ಸಾಲಿನಂತೆ ಕೂರಿಸಿ ಗುಂಡಿ ಒತ್ತಿದ. ಗುರವ್ವ ಬಸವಣ್ಣನಿಗೂ ಆ ಡಬ್ಬಿಗಳಿಗೂ ಒಟ್ಟಿಗೇ ಕೈಮುಗಿದಳು. ಪರದೆ ಬೆಳಗಿತು. ಡಾಕ್ಟರು ಮೊದಲು ತೆರೆದದ್ದು ಆ ಮುದುಕಿಯ ಚಿತ್ರ. ಅದು ಇತ್ತು.

ನಂಬರ್ ಹಾಕಲು ಮಾರ್ಕರ್ ಹುಡುಕಿದರೆ ಒಂದೂ ಮೂಡಲಿಲ್ಲ. ಗುರವ್ವ ತನ್ನ ಚೀಲದಿಂದ ಹಣೆಗಂಟಿಸುವ ಟಿಕಳಿಯ ಚೀಟಿ ತೆಗೆದಳು. ಮೊದಲ ಡಬ್ಬಿಗೆ ಒಂದು ಟಿಕಳಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ನಾಲ್ಕನೆಯದಕ್ಕೆ ಒಂದು ಕಡಿಮೆ ಬಿತ್ತು. ಅವಳ ಕೈ ತನ್ನ ಹಣೆಗೆ ಹೋಯಿತು.

ಡಾಕ್ಟರ್ ರಾಜೇಶ್ವರಿ ಆ ಕೈ ಹಿಡಿದರು. "ನಿಂದು ಇರಲಿ," ಎಂದು ತಮ್ಮ ಹಣೆಯ ಟಿಕಳಿ ಕಿತ್ತು ಡಬ್ಬಿಗೆ ಅಂಟಿಸಿದರು. ಆಮೇಲೆ ಸರಸರನೆ ಬಾಗಿಲ ಕಡೆ ನಡೆಯುತ್ತ, "ಆ ಅಜ್ಜೀನ ಒಳಗ ಕರ್ಕೊಂಡ ಬಾ ಗುರವ್ವ," ಎಂದರು. "ನಾಳಿ ಒಂದೀಟು ಲಗೂನ ಬಾ. ಹಬ್ಬದ ಕಸಾ ಎಲ್ಲಾ ಹಂಗ ಐತಿ."