ಹೆಂಡತಿಯಿಲ್ಲದವನ ಮನೆ

ಕೀಲಿಕೈ ಸಲೀಸಾಗಿ ತಿರುಗಿತು. ಬಾಗಿಲು ಮಾತ್ರ ನಾಲ್ಕು ಬೆರಳಿನಷ್ಟು ತೆರೆದುಕೊಂಡು ನಿಂತುಬಿಟ್ಟಿತು. ಒಳಗಿನಿಂದ ಯಾರೋ ಸರಪಳಿ ಹಾಕಿದ್ದರು.

"ಇದೇನ್ರೀ, ಒಳಗೆ ಯಾರಿದಾರೆ?" ಎಂದಳು ಕೋಕಿಲಾ. ಅವಳ ಒಂದು ಕೈಯಲ್ಲಿ ಮಗಳು ದೀಪ್ತಿ, ಇನ್ನೊಂದು ಕೈಯಲ್ಲಿ ಉಕ್ಕಿಸಲೆಂದು ತಂದ ಹಾಲಿನ ಚೀಲ. ಗಂಡ ಶ್ರೀನಾಥ ಉತ್ತರ ಕೊಡದೆ ಮತ್ತೊಮ್ಮೆ ತಳ್ಳಿದ. ಹಿಂದೆ ಡ್ರೈವ್‌ವೇಯಲ್ಲಿ ಟ್ರಕ್ಕಿನವರು ಆಗಲೇ ಹಾಸಿಗೆಗಳನ್ನು ಇಳಿಸಿ ಹಿಮದ ಮೇಲೆ ಒರಗಿಸಿಟ್ಟಿದ್ದರು.

ಸಂದಿಯಲ್ಲಿ ಒಂದು ಮುಖ ಕಾಣಿಸಿತು. ನಲವತ್ತು ದಾಟಿದ ಹೆಂಗಸು, ತಲೆಗೆ ಫ್ಯಾಕ್ಟರಿಯವರು ಕೊಡುವ ಬಲೆಯ ಟೋಪಿ, ನಿದ್ದೆಗೆಟ್ಟ ಕಣ್ಣು. ಇವರಿಬ್ಬರು ಆಡಿದ ಕನ್ನಡ ಅವಳ ಕಿವಿಗೆ ಬಿದ್ದಿರಬೇಕು.

"ಯಾರ್ ಬೇಕಾಗಿತ್ರಿ?"

"ನಾವು ಈ ಮನೆ ತಗೊಂಡಿದೀವಿ," ಎಂದ ಶ್ರೀನಾಥ. "ಚನ್ನವೀರಪ್ಪನವರಿಂದ. ಇವತ್ತೇ ಕ್ಲೋಸಿಂಗ್ ಆಗಿ ಕೀಲಿಕೈ ನಮ್ಮ ಕೈಗೆ ಬಂತು. ನೀವು ಅವರ ಅಕ್ಕನಾ?"

ಹೆಂಗಸು ಅವನನ್ನೂ ಟ್ರಕ್ಕನ್ನೂ ಒಂದು ಸಲ ನೋಡಿದಳು. "ಅಕ್ಕ ಅಲ್ರಿ, ನಾ ಅವರ ಹೇಣ್ತಿ. ನೀವು ಮನಿ ತಪ್ಪಿ ಬಂದೀರಿ ಕಾಣಸ್ತೈತಿ. ಅವರವ್ವಗ ಆರಾಮಿಲ್ಲಂತ ಮೊನ್ನೆ ಊರಿಗೆ ಹೋಗ್ಯಾರ. ಬಂದ ಮ್ಯಾಲೆ ಕೇಳ್ರಿ."

ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಸರಪಳಿ ತೆಗೆದ ಸದ್ದಾಯಿತು. ಹೊರಗೆ ಮಗು ಚಳಿಯಲ್ಲಿ ನಿಂತಿರುವುದನ್ನು ಅವಳು ಕಿಟಕಿಯಿಂದ ಕಂಡಿದ್ದಳು.

ಅವಳ ಹೆಸರು ಗುರುಬಸವ್ವ. ಊರು ಗದಗಿನ ಕಡೆ. ಸ್ಕಾರ್‌ಬರೋದ ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಮಫಿನ್ ಮಾಡುವ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟು ದುಡಿದ ಸಂಬಳವೆಲ್ಲ ಗಂಡನ ಖಾತೆಗೆ, ಅಲ್ಲಿಂದ ಮನೆಯ ಸಾಲಕ್ಕೆ ಹೋಗುತ್ತಿತ್ತು. ನಡುಮನೆ ಬರಿದಾಗಿತ್ತು. ಹೊಸ ಸೋಫಾ ತರೋಣ ಎಂದು ಗಂಡ ಹಿಂದಿನ ವಾರ ಹಳೆಯದನ್ನು ಮಾರಿದ್ದನಂತೆ. ಟಿ.ವಿ.ಯನ್ನು ರಿಪೇರಿಗೆ ಕೊಟ್ಟಿದ್ದನಂತೆ. ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. ತಾನು ಹೇಳುತ್ತಿರುವುದರ ಅರ್ಥ ಅವಳಿಗೇ ಆಗ ಹೊಳೆಯುತ್ತಿದ್ದಂತಿತ್ತು.

ಶ್ರೀನಾಥ ಅಡುಗೆಮನೆಯ ಗೋಡೆಯ ಫೋನಿನಿಂದ ತಮ್ಮ ವಕೀಲೆಗೆ ಫೋನು ಮಾಡಿದ. ಆಕೆ ಹೇಳಿದ್ದನ್ನು ಫೋನಿಟ್ಟ ಮೇಲೆ ಕೋಕಿಲಾಳಿಗೆ ಹೇಳಿದ. ಈ ದೇಶದ ಕಾನೂನಿನಲ್ಲಿ, ಮನೆ ಗಂಡನೊಬ್ಬನ ಹೆಸರಿನಲ್ಲಿದ್ದರೂ ಸಂಸಾರ ನಡೆಸುವ ಮನೆಯನ್ನು ಹೆಂಡತಿಯ ಒಪ್ಪಿಗೆಯಿಲ್ಲದೆ ಮಾರುವ ಹಾಗಿಲ್ಲ. ಅದಕ್ಕೇ ಕ್ರಯಪತ್ರದಲ್ಲಿ ಮಾರುವವನಿಗೆ ಮದುವೆಯಾಗಿದೆಯೇ ಎಂದು ಹೇಳುವ ಒಂದು ಜಾಗವಿರುತ್ತದೆ. ಅಲ್ಲಿ ಚನ್ನವೀರಪ್ಪ ತನಗೆ ಹೆಂಡತಿಯಿಲ್ಲ ಎಂದು ಬರೆಸಿ ಸಹಿ ಹಾಕಿದ್ದ. ಆ ಮಾತನ್ನು ನಂಬಿ ಕೊಂಡವರಿಗೆ ಮನೆ ಉಳಿಯುತ್ತದೆ.

"ನಂಬಿ ಕೊಂಡಿದ್ದರೆ," ಎಂದಳಂತೆ ವಕೀಲೆ. "ಹೆಂಡತಿ ಇದಾಳೆ ಅಂತ ನಿಮಗೆ ಮೊದಲೇ ಗೊತ್ತಿದ್ರೆ ಮಾತು ಬೇರೆ. ಸೋಮವಾರ ಇಬ್ಬರೂ ಬನ್ನಿ."

ಟ್ರಕ್ಕಿನವರು ತಮಗೆ ಇನ್ನೊಂದು ಮನೆಯ ಕೆಲಸವಿದೆ ಎಂದು ಅವಸರ ಮಾಡಿದರು. ಬಿಟ್ಟು ಬಂದ ಅಪಾರ್ಟ್‌ಮೆಂಟಿಗೆ ಆಗಲೇ ಬೇರೆಯವರು ಬಂದಾಗಿತ್ತು. ಮೈಸೂರಿನಲ್ಲಿ ಶ್ರೀನಾಥನ ತಂದೆ ತಮ್ಮ ಸೈಟು ಮಾರಿ ಕಳಿಸಿದ್ದೂ ಸೇರಿ ಇದ್ದದ್ದೆಲ್ಲ ಈ ಮನೆಗೇ ಹೋಗಿತ್ತು. ಸಾಮಾನು ಒಳಗೆ ಬಂತು. ಗುರುಬಸವ್ವ ಗೋಡೆಗೆ ಒತ್ತಿ ನಿಂತು, ಮೇಜು ಕುರ್ಚಿಗಳಿಗೆ ದಾರಿ ಬಿಡುತ್ತಿದ್ದಳು. ಸಂಜೆ ತನ್ನ ಹಾಸಿಗೆಯನ್ನು ತಾನೇ ಮಡಚಿಕೊಂಡು ಬೇಸ್‌ಮೆಂಟಿಗೆ ಇಳಿದಳು. ಹೋಗಿ ಎನ್ನಲು ಗಂಡಹೆಂಡಿರಿಗೆ ಬಾಯಿ ಬರಲಿಲ್ಲ. ಇರಿ ಎನ್ನಲೂ ಬರಲಿಲ್ಲ. ತಂದ ಹಾಲು ಚೀಲದಲ್ಲೇ ಉಳಿಯಿತು.

ಕೋಕಿಲಾಳನ್ನು ಕಾಡುತ್ತಿದ್ದುದು ಬೇರೆ. ಆ ಬೇಸಿಗೆಯಲ್ಲಿ ಶ್ರೀನಾಥ ಏರ್‌ಪೋರ್ಟಿನಿಂದ ಹಿಡಿದ ಟ್ಯಾಕ್ಸಿ ಚನ್ನವೀರಪ್ಪನದಾಗಿತ್ತು. ಕನ್ನಡದವರು ಎಂದು ಮಾತು ಬೆಳೆದು, ಅವನು ಮನೆ ಮಾರುವುದು ತಿಳಿದು, ಒಂದು ರಾತ್ರಿ ಗಂಡಹೆಂಡಿರು ಏಜೆಂಟರಿಲ್ಲದೆಯೇ ನೋಡಲು ಹೋಗಿದ್ದರು. ಮಲಗುವ ಕೋಣೆಯಲ್ಲಿ ಕೋಕಿಲಾ ಬಟ್ಟೆಯ ಕ್ಲಾಸೆಟ್ಟಿನ ಬಾಗಿಲು ಸರಿಸಿದಾಗ ಅವನ ಪ್ಯಾಂಟು ಶರಟುಗಳ ಪಕ್ಕದಲ್ಲಿ ಇಳಕಲ್ ಸೀರೆಗಳು ತೂಗುತ್ತಿದ್ದವು.

"ನಮ್ಮಕ್ಕ ಬಂದಾಳ್ರಿ ಊರಿಂದ," ಎಂದಿದ್ದ ಚನ್ನವೀರಪ್ಪ, ಕೇಳುವ ಮೊದಲೇ.

ಹಿಂದಿರುಗುವಾಗ ಕಾರಿನಲ್ಲಿ ಅವಳೇ ಎತ್ತಿದ್ದಳು. "ಅಕ್ಕನ ಸೀರೆ ತಮ್ಮನ ಕ್ಲಾಸೆಟ್ಟಲ್ಲಿ ಯಾಕಿರತ್ತೆ ರೀ?"

"ಜಾಗ ಇಲ್ಲದೆ ಇಟ್ಟಿರ್ತಾರೆ. ಯಾರ ಮನೆ ವಿಷಯನೋ ನಮಗ್ಯಾಕೆ?" ಎಂದಿದ್ದ ಶ್ರೀನಾಥ. ಆ ಬೆಲೆಗೆ ಅಂಥ ಮನೆ ಮತ್ತೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳೂ ಸುಮ್ಮನಾಗಿದ್ದಳು.

ಸೋಮವಾರ ವಕೀಲೆ ಇಬ್ಬರನ್ನೂ ಎದುರು ಕೂರಿಸಿಕೊಂಡಳು. ಆ ಹೆಂಗಸು ಕೋರ್ಟಿಗೆ ಹೋಗಬಹುದು, ಅದಕ್ಕೆ ಮೊದಲೇ ಪ್ರಮಾಣ ಮಾಡಿದ ಹೇಳಿಕೆ ಸಿದ್ಧವಿರಬೇಕು ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು. "ಯೋಚನೆ ಮಾಡಿ ಹೇಳಿ. ಆತನಿಗೆ ಹೆಂಡತಿ ಇದ್ದದ್ದು ನಿಮಗೆ ಗೊತ್ತಿತ್ತೆ?"

"ಇಲ್ಲ," ಎಂದ ಶ್ರೀನಾಥ. "ಅಕ್ಕ ಬಂದಿದಾಳೆ ಅಂತ ಅವನೇ ಹೇಳಿದ್ದ."

ವಕೀಲೆ ಕೋಕಿಲಾಳ ಕಡೆ ತಿರುಗಿದಳು. "ನಿಮಗೆ?"

ಮೇಜಿನ ಕೆಳಗೆ ಶ್ರೀನಾಥನ ಕೈ ಬಂದು ಅವಳ ಕೈ ಹಿಡಿಯಿತು. ಗದರಿಸುವ ಹಿಡಿತವಾಗಿದ್ದರೆ ಅವಳು ಕೊಡವಿಕೊಳ್ಳುತ್ತಿದ್ದಳೇನೋ. ರಸ್ತೆ ದಾಟುವಾಗ ದೀಪ್ತಿ ಹಿಡಿಯುವ ಹಾಗೆ ಅದು ಅವಳ ಬೆರಳುಗಳನ್ನು ಹಿಡಿದುಕೊಂಡಿತ್ತು. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಹಾಗೆ ಹಿಡಿದದ್ದು ಅವಳಿಗೆ ನೆನಪಿರಲಿಲ್ಲ. ಸೀರೆ ಕಂಡರೆ ಹೆಂಡತಿ ಇದ್ದಾಳೆಂದು ತಿಳಿದ ಹಾಗೇ ಆಯಿತೇ ಎಂದು ಕೇಳಬೇಕೆನಿಸಿತು. ಆದರೆ ಕೇಳಿದರೆ ಕಂಡದ್ದನ್ನು ಹೇಳಿದ ಹಾಗೆಯೇ.

"ಗೊತ್ತಿರಲಿಲ್ಲ," ಎಂದಳು. ಅವಳ ಸಹಿ ಎಂದಿನ ಹಾಗೆಯೇ ಬಂತು.

ಗುರುಬಸವ್ವ ರಾತ್ರಿ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಬೆಳಿಗ್ಗೆ ಬಂದು, ಮಲಗದೆ, ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಆಫೀಸಿಗೆ ಅಲೆದಳು. ಗಂಡ ಕೊಟ್ಟು ಹೋಗಿದ್ದ ನಂಬರಿಗೆ ಫೋನು ಮಾಡಿದರೆ ಅತ್ತೆಯೇ ಎತ್ತಿಕೊಂಡಳಂತೆ. ಗಟ್ಟಿಮುಟ್ಟಾಗಿದ್ದಳಂತೆ, ಮಗ ಊರಿಗೆ ಬಂದೇ ಇಲ್ಲ ಎಂದಳಂತೆ. ಇದನ್ನೆಲ್ಲ ಗುರುಬಸವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇರೆ ಯಾರದೋ ಸುದ್ದಿಯಂತೆ ಹೇಳಿದಳು. ಒಳಗೆ ಬರಲು ಕೋಕಿಲಾ ಕರೆಯಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದರು. ಕೋಕಿಲಾ ಚಹ ಕೊಟ್ಟಳು. ಗುರುಬಸವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು.

"ತಂಗೀ, ಒಂದ್ ಮಾತ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕಾಗದ ನಮ್ಮ ವಕೀಲರಿಗೆ ಮುಟ್ಟೇತಂತ. ನೀವು ಮನಿ ನೋಡಾಕ ಬಂದಾಗ ನನ್ನ ಸಾಮಾನು ಏನರ ಕಣ್ಣಿಗೆ ಬಿದ್ದಿತ್ತೇನು? ಒಂದ್ ಸೀರಿ, ಒಂದ್ ಜತಿ ಬಳಿ? ಬಿದ್ದಿದ್ರ ಕೇಸು ನಿಂದರತೈತಿ, ಇಲ್ಲಂದ್ರ ಇಲ್ಲ ಅಂದ್ರು."

ಕೋಕಿಲಾ ಒಲೆಯ ಕಡೆ ತಿರುಗಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಹೌದು ಎಂದರೆ ಪ್ರಮಾಣ ಮಾಡಿ ಬರೆದದ್ದು ಸುಳ್ಳಾಗುತ್ತದೆ. ಮನೆ ಹೋಗುತ್ತದೆ, ಮಾವನವರ ಸೈಟೂ ಹೋದ ಹಾಗೆಯೇ. ಇಲ್ಲ ಎಂದರೆ, ಎರಡನೆಯ ಸಲ ಸುಳ್ಳು.

"ಇಲ್ಲ ಅಕ್ಕಾ," ಎಂದಳು. "ನಾನು ಅಷ್ಟು ಗಮನಿಸಲಿಲ್ಲ."

ಗುರುಬಸವ್ವ ಉಳಿದ ಚಹವನ್ನು ಕುಡಿದು ಮುಗಿಸಿದಳು. "ನಾ ಎಲ್ಲಾ ಸೀರಿ ಅವರ ಅಂಗಿ ಬಾಜೂಕ ಇಡ್ತಿದ್ದೆ," ಎಂದಳು ಕೊನೆಗೆ. "ಇರ್ಲಿ ಬಿಡ್ರಿ. ಮಂದಿ ಮನಿ ಕಪಾಟು ಯಾರು ತಗದ್ ನೋಡ್ತಾರ." ಎದ್ದು ಲೋಟ ತೊಳೆಯಲು ಹೋದಳು. ಕೋಕಿಲಾ ಬೇಡ ಎಂದರೂ ಕೇಳದೆ ತೊಳೆದು ಬೋರಲು ಹಾಕಿದಳು.

ಕೇಸು ನಿಲ್ಲುವುದಿಲ್ಲ ಎಂದು ಅವಳ ವಕೀಲರು ಹೇಳಿಯೇಬಿಟ್ಟರು. ಗಂಡನ ಮೇಲೆ ದಾವೆ ಹೂಡಬಹುದು, ಗಂಡ ಸಿಕ್ಕರೆ. ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಪದ್ಮಾ ಎಂಬವಳು ಪಕ್ಕದ ಊರು ಪಿಕರಿಂಗಿನ ತನ್ನ ಮನೆಗೆ ಬಾ ಎಂದಿದ್ದಳು. ಹೊರಡುವ ದಿನ ಗುರುಬಸವ್ವ ಕೋಕಿಲಾಳನ್ನು ಕರೆದುಕೊಂಡು ಮನೆಯನ್ನೆಲ್ಲ ಸುತ್ತಿದಳು. ಮನೆ ಬೆಚ್ಚಗಿಡುವ ಫರ್ನೇಸು ಒಮ್ಮೊಮ್ಮೆ ಆರುತ್ತದೆ, ಈ ಗುಂಡಿ ಒತ್ತಿ ಹಿಡಿಯಬೇಕು. ಹಿಂದಿನ ಬಾಗಿಲು ಚಳಿಗೆ ಸೆಟೆದುಕೊಳ್ಳುತ್ತದೆ, ಎತ್ತಿ ತಳ್ಳಬೇಕು. ಕೋಕಿಲಾ ಹೂಂಗುಟ್ಟುತ್ತ ಹಿಂದೆ ಹಿಂದೆ ನಡೆದಳು.

"ಕಾರಲ್ಲಿ ಬಿಡ್ತೀನಿ, ಇರಿ," ಎಂದ ಶ್ರೀನಾಥ, ಕೋಟು ಹಾಕಿಕೊಳ್ಳುತ್ತ.

"ಬ್ಯಾಡ್ರಿ. ಬಸ್ ಐತಿ."

"ವೇರ್ ಈಸ್ ಆಂಟಿ ಗೋಯಿಂಗ್?" ಎಂದು ಕೇಳಿದಳು ದೀಪ್ತಿ. ಗುರುಬಸವ್ವ ಬಗ್ಗಿ ಅವಳ ಗಲ್ಲ ಸವರಿ, ಎರಡು ಚೀಲಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ಬಸ್ ಸ್ಟಾಪು ರಸ್ತೆಯ ಆಚೆ, ಮನೆಗೆ ಎದುರಾಗಿಯೇ ಇತ್ತು. ಹೊತ್ತು ಬೇಗ ಇಳಿಯುವ ದಿನಗಳು. ಕೋಕಿಲಾ ನಡುಮನೆಯಲ್ಲಿ ಉಳಿದಿದ್ದ ಡಬ್ಬಗಳನ್ನು ಬಿಚ್ಚುತ್ತಿದ್ದವಳು ತಲೆಯೆತ್ತಿದಳು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಡ್ರೈವರ್ ಸ್ವಲ್ಪ ಕಾದ. ಬಾಗಿಲು ಮುಚ್ಚಿತು. ಬಸ್ಸು ಹೋದ ಮೇಲೆ ನೋಡಿದರೆ ಗುರುಬಸವ್ವ ಅಲ್ಲಿಯೇ ನಿಂತಿದ್ದಳು, ಚೀಲಗಳು ಎರಡೂ ಕೈಯಲ್ಲಿ ಹಾಗೆಯೇ ಇದ್ದವು.

ಕಿಟಕಿಗೆ ಇನ್ನೂ ಪರದೆ ಹಾಕಿರಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು. ಆಚೆಯಿಂದ ನೋಡುವವರಿಗೆ ಇಡೀ ಕೋಣೆ ಕಾಣುತ್ತಿರಬೇಕು. ದೀಪ ಆರಿಸಲೆಂದು ಕೋಕಿಲಾ ಎದ್ದು ಸ್ವಿಚ್ಚಿನವರೆಗೆ ಹೋದಳು. ಅದರ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಆ ಬೆಳಕಿನಲ್ಲಿ ಹಾಗೆಯೇ ನಿಂತಳು. ರಸ್ತೆಯ ತುದಿಯಲ್ಲಿ ಇನ್ನೊಂದು ಬಸ್ಸು ತಿರುಗುತ್ತಿತ್ತು.