ಗಂಧದ ಹೊಟ್ಟು ಹಾವಿಗೆ ಹಾಸಿಗೆಯಲ್ಲ

ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಮೈಸೂರಿನ ಮಂಡಿ ಮೊಹಲ್ಲಾದ ವಠಾರವೊಂದರಲ್ಲಿ, ದೇವೀರಮ್ಮನ ಮನೆಯಲ್ಲಿ ಸಾಕಿದ್ದ ಹಾವು ಕಾಯಿಲೆ ಬಿದ್ದಿತು. ಹಾಕಿದ ಇಲಿಯನ್ನು ಅದು ಮುಟ್ಟಲಿಲ್ಲ. ತಲೆಯನ್ನು ಮೇಲೆತ್ತಿ, ಬಾಯಿ ತೆರೆದು ಉಸಿರೆಳೆಯತೊಡಗಿತು. ಮೂಗಿನ ಬಳಿ ನೊರೆಯ ಗುಳ್ಳೆಗಳು ಕಾಣಿಸಿದವು.

ಆ ಮನೆಯಲ್ಲಿ ಚೊಚ್ಚಲ ಬಸುರಿಯೊಬ್ಬಳಿದ್ದಳು. ದೇವೀರಮ್ಮನ ಮಗಳು ಚಂದ್ರಮತಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಯಿರುವ ಮನೆಯಲ್ಲಿ ಹಾವು ಸತ್ತರೆ ಅದರ ಶಾಪ ಹೊಟ್ಟೆಯ ಕೂಸಿಗೆ ತಟ್ಟುತ್ತದೆಂದು ದೇವೀರಮ್ಮ ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು. ಹಾವೆಂಬ ಮಾತನ್ನೂ ಆಡದೆ 'ಹುಳ' ಎನ್ನುವವಳು. ಅವಳು ಊಟ ಬಿಟ್ಟಳು.

ಎರಡು ತಲೆಯ ಹಾವೆಂದು ಜನ ಕರೆಯುವ ಜಾತಿಯದು ಅದು. ಬಾಲವೂ ತಲೆಯಂತೆಯೇ ಮೊಂಡಾಗಿರುವುದರಿಂದ ಆ ಹೆಸರು. ವಿಷವಿಲ್ಲ; ಸಡಿಲ ಮಣ್ಣಿನಲ್ಲಿ ಹೂತುಕೊಂಡು ಬದುಕುವುದು ಅದರ ಸ್ವಭಾವ. ಊರಾಚೆ ಮಂಡಕಳ್ಳಿಯಲ್ಲಿದ್ದ ತಮ್ಮ ಹೊಲ ಉಳುವಾಗ ನೇಗಿಲು ತಾಗಿ ಬೆನ್ನು ಸೀಳಿದ್ದ ಆ ಹಾವನ್ನು ದೇವೀರಮ್ಮನ ಗಂಡ ಲಿಂಗಯ್ಯ ಟವಲಿನಲ್ಲಿ ಸುತ್ತಿ ತಂದಿದ್ದನು. ಗಾಯ ಮಾಯುವಷ್ಟರಲ್ಲಿ ಅದು ಮನೆಯದೇ ಆಗಿಹೋಯಿತು. ಹಳೆಯ ಹಣ್ಣಿನ ಪೆಟ್ಟಿಗೆಯಲ್ಲಿ, ಅದೇ ಹೊಲದ ಒಣಮಣ್ಣಿನಲ್ಲಿ, ಸುಖವಾಗಿಯೇ ಇತ್ತು.

ಮಗಳು ಬರುವ ಸುದ್ದಿ ತಿಳಿದಾಗ ದೇವೀರಮ್ಮ ಗಂಡನಿಗೆ ಹೇಳಿದ್ದಳು: "ಮನೆಗೆ ಬೀಗರು ಬಂದೋಗ್ತಾರೆ. ಈ ಮುರುಕು ಪೆಟ್ಟಿಗೆ ನೋಡಿದೋರು ಏನಂದಾರು? ಊರಿಗೆಲ್ಲ ಪೆಟ್ಟಿಗೆ ಮಾಡಿಕೊಡ್ತೀರಿ. ಮನೇಲಿರೋ ಹುಳಕ್ಕೆ ಒಂದು ಮರ್ಯಾದೆ ಬೇಡ್ವಾ?"

ಲಿಂಗಯ್ಯ ಬೀಟೆಮರದ ಮೇಲೆ ದಂತದ ಚೂರುಗಳನ್ನು ಕೂರಿಸುವ ಕುಸುರಿ ಕೆಲಸದವನು. ಮಾತು ನಾಟಿತು. ಅಂಗಡಿಯಲ್ಲಿ ಹೊಸ ಪೆಟ್ಟಿಗೆ ಮಾಡಿ, ಮುಖ ಕಾಣುವಂತೆ ಪಾಲಿಶ್ ಕೊಟ್ಟನು. ಮುಚ್ಚಳದ ಒಳಬದಿಗೆ ತಂತಿಯ ಬಲೆ ಹೊಡೆದನು. ಪಕ್ಕದ ಕೆತ್ತನೆಯವರಿಂದ ಶ್ರೀಗಂಧದ ಹೊಟ್ಟನ್ನು ಕೇಳಿ ತಂದು, ಮಣ್ಣಿಗೆ ಬದಲಾಗಿ ದಪ್ಪನಾಗಿ ಹಾಸಿದನು. ಮನೆಯೆಲ್ಲ ಘಮಘಮಿಸಿತು.

ಇರುವೆ ಬಂದಿತು. ದೇವೀರಮ್ಮ ಸೀರೆಯ ಟ್ರಂಕಿನಿಂದ ನುಸಿಗುಳಿಗೆ ತೆಗೆದು ಪೆಟ್ಟಿಗೆಯ ಮೂಲೆಗಳಲ್ಲಿಟ್ಟಳು. ಹಾವು ಮಂಕಾಯಿತು; ಪಚ್ಚಕರ್ಪೂರ ಇಟ್ಟಳು. ಉಸಿರು ಕಟ್ಟಿತು, ಬೆಳಗೂ ಸಂಜೆಯೂ ಸಾಂಬ್ರಾಣಿಯ ಹೊಗೆ ಹಾಕಿದಳು. ಅದು ಸೊರಗಿದಷ್ಟೂ ಅವಳು ಕೂಡಿಸುತ್ತ ಹೋದಳು. ಅವಳು ಕೂಡಿಸಿದಷ್ಟೂ ಅದು ಸೊರಗಿತು. ಈ ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಲು ಅವಳಿಗೆ ತೋಚಲಿಲ್ಲ.

ಪಕ್ಕದ ಮನೆಯ ಗಿರಿಜಾಂಬಾ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಒಂದು ಭಾನುವಾರ ಚಂದ್ರಮತಿಗೆಂದು ಹುಣಿಸೆ ತೊಕ್ಕು ಹಿಡಿದು ಬಂದವರು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನು ದೇವೀರಮ್ಮ, ಈ ಪಾಟಿ ಹೊಗೆ! ಬಸುರಿ ಹುಡುಗಿಯನ್ನು ಒಳಗಿಟ್ಟುಕೊಂಡು ಇಟ್ಟಿಗೆ ಸುಡುತ್ತಿದ್ದೀರಾ?"

"ನಗಬ್ಯಾಡಿ ಗಿರಿಜಮ್ಮೋರೆ. ಹುಳ ಮುನಿಸ್ಕೊಂಡದೆ. ನಂದೇ ಏನೋ ಮೈಲಿಗೆ ಆಗಿರ್ಬೇಕು. ಅದಕ್ಕೇನಾದ್ರೂ ಆದ್ರೆ ನನ್ ಮಗಳ ಗತಿ?" ಎಂದಳು ದೇವೀರಮ್ಮ.

ಗಿರಿಜಾಂಬಾ ಪೆಟ್ಟಿಗೆಯ ಬಳಿ ಕುಳಿತು ಬಹಳ ಹೊತ್ತು ನೋಡಿದರು. ಹಾವಿನ ಮೂತಿ ಬಲೆಯ ಮೊನೆಗಳಿಗೆ ಉಜ್ಜಿ ಸುಲಿದಿತ್ತು.

"ಶಾಪದ ವಿಷಯ ನನಗೆ ತಿಳಿಯದು. ಉಸಿರಿನ ವಿಷಯ ಸ್ವಲ್ಪ ಗೊತ್ತು. ಹಳೆಯ ಪೆಟ್ಟಿಗೆಯಲ್ಲಿ ಇಲ್ಲದ್ದು ಇದರಲ್ಲಿ ಏನೇನಿದೆ, ಹೇಳಿ."

ದೇವೀರಮ್ಮ ಹೇಳಿದಳು. ಗಿರಿಜಾಂಬಾ, "ಹಾಗಾದರೆ ಅಷ್ಟನ್ನೂ ಕಳೆಯಬೇಕು" ಎಂದರು.

ದೇವೀರಮ್ಮನಿಗೆ ರೇಗಿತು. "ದೇವರಿಗೆ ಹಚ್ಚೋ ಗಂಧ ಇದಕ್ಕೆ ವಿಷವಾ? ಓದಿದೋರು ಅಂದ್ಬುಟ್ಟು ಏನಾರ ಹೇಳಬ್ಯಾಡಿ ಕಣಮ್ಮ."

ಊಟಕ್ಕೆ ಕುಳಿತಿದ್ದ ಲಿಂಗಯ್ಯನಿಗೂ ಹಿಡಿಸಲಿಲ್ಲ. "ನಮ್ಮ ಪಾಲಿಶ್ ಪೆಟ್ಟಿಗೆನ ದೊಡ್ಡ ದೊಡ್ಡೋರು ಕಾದು ತಗೊಂಡೋಗ್ತಾರೆ, ಅಮ್ಮೋರೆ."

"ತೆಗೆದುಕೊಂಡು ಹೋಗಿ ಒಡವೆ ಇಡುತ್ತಾರೆ ಲಿಂಗಯ್ಯ. ಒಡವೆ ಉಸಿರಾಡುವುದಿಲ್ಲ."

ಲಿಂಗಯ್ಯ ಊಟದಿಂದ ಎದ್ದನು. ಕೈ ತೊಳೆದು ಬಂದು, ಗಿರಿಜಾಂಬಾ ಹೇಳಿದಂತೆ ಹಾವನ್ನು ಮೆಲ್ಲಗೆ ಎತ್ತಿ ಬರಿಯ ಗಡಿಗೆಯೊಂದಕ್ಕೆ ಬಿಟ್ಟು, ಗಡಿಗೆಯ ಬಾಯಿಗೆ ತೆಳುಬಟ್ಟೆ ಕಟ್ಟಿದನು. ಆಗ ಗಿರಿಜಾಂಬಾ ದೇವೀರಮ್ಮನ ಕಡೆ ತಿರುಗಿದರು.

"ಪೆಟ್ಟಿಗೆಯೊಳಗೆ ನಿಮ್ಮ ಮುಖ ಇಡಿ. ಮೇಲೆ ನಾನು ಸೆರಗು ಮುಚ್ಚುತ್ತೇನೆ. ಸುಮ್ಮನೆ ಉಸಿರಾಡಿ."

"ಅಯ್ಯೋ, ಇದೊಳ್ಳೆ ಆಟ!" ಎಂದು ಗೊಣಗುತ್ತಲೇ ದೇವೀರಮ್ಮ ಬಗ್ಗಿದಳು. ಮೊದಲು ಗಂಧ. ಅದರ ಹಿಂದೆ ಪಾಲಿಶಿನ ಘಾಟು, ನುಸಿಗುಳಿಗೆಯ ಕಟುವಾಸನೆ. ಹೊಟ್ಟಿನ ಧೂಳು ಎದ್ದು ಗಂಟಲಿಗೆ ಅಡರಿತು. ಕಣ್ಣಲ್ಲಿ ನೀರು ಬಂತು. ಅವಳು ಸೆರಗನ್ನು ಸರಿಸಿ ಎದ್ದು, ಗೋಡೆ ಹಿಡಿದು ಕೆಮ್ಮಿದಳು.

"ನೀವು ತಲೆ ಎತ್ತಿ ಆಚೆ ಬಂದಿರಿ," ಎಂದರು ಗಿರಿಜಾಂಬಾ. "ಅದು ಎಲ್ಲಿಗೆ ಬರಬೇಕು?"

ದೇವೀರಮ್ಮ ಗಡಿಗೆಯ ಮುಂದೆ ಕುಳಿತುಬಿಟ್ಟಳು. ಮರ್ಯಾದೆಯೆಂದು ತಾನು ಕೊಟ್ಟದ್ದೆಲ್ಲ ಆ ಜೀವದ ಎದೆಯ ಮೇಲೆ ಹೇರಿದ ಕಲ್ಲಾಗಿತ್ತು. "ತಪ್ಪಾಯ್ತು ಕಣಪ್ಪ," ಎಂದಳು, ಹಾವಿಗೇ. ಆಮೇಲೆ, "ಈಗ ಏನ್ ಮಾಡ್ಬೇಕು ಹೇಳ್ಬುಡಿ ಅಮ್ಮೋರೆ. ಪೆಟ್ಟಿಗೆ ಹೋದ್ರೆ ಹೋಗ್ಲಿ," ಎಂದಳು. ಲಿಂಗಯ್ಯನ ಮುಖ ಸಪ್ಪಗಾಯಿತು. ಆದರೂ ಉಳಿ ಸುತ್ತಿಗೆ ತಂದನು.

ಹಣ್ಣಿನ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಅದನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು, ಬಣ್ಣ ಪಾಲಿಶ್ ಕಾಣದ ಹಳೆಯ ಮಾವಿನ ಹಲಗೆಗಳಿಂದ ಅಗಲ ಮಾಡಿದರು. ಸಿಬಿರೇಳದಂತೆ ಮರವನ್ನು ಉಜ್ಜಿದರು. ಬಲೆಯನ್ನು ಮುಚ್ಚಳದ ಹೊರಬದಿಗೆ ಹೊಡೆದು, ತಂತಿಯ ಮೊನೆಗಳ ಮೇಲೆ ಪಟ್ಟಿ ಕೂರಿಸಿದರು. ಗೊಬ್ಬರವಾಗಲಿ ಔಷಧವಾಗಲಿ ಬೀಳದ ಬದುವಿನ ಮಣ್ಣನ್ನು ತಂದು, ಜರಡಿ ಹಿಡಿದು, ಚೆನ್ನಾಗಿ ಒಣಗಿಸಿ ತುಂಬಿದರು. ಅಡಗಲು ಒಂದು ಮಡಕೆಯ ಚೂರು, ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದ್ದು. ನೀರಿಗೆ ಉರುಳದಂಥ ಮಣ್ಣಿನ ಬೋಗುಣಿ. ಅರ್ಧ ಪೆಟ್ಟಿಗೆಗೆ ಎಳೆಬಿಸಿಲು, ಅರ್ಧಕ್ಕೆ ನೆರಳು. ಸೊಳ್ಳೆಗೆಂದು ಡಿ.ಡಿ.ಟಿ. ಹೊಡೆದಿದ್ದ ಗೋಡೆಯಿಂದ ದೂರ.

"ಇರುವೆಗೇನು ಮಾಡೋಣ?" ಎಂದು ಈ ಸಲ ಗಿರಿಜಾಂಬಾ ಅವರೇ ಕೇಳಿದರು.

"ಅಷ್ಟೂ ಗೊತ್ತಾಗಲ್ವಾ? ಹಾಲಿನ ಗೂಡಿಗೆ ಮಾಡೋ ಅಂಗೇ!" ದೇವೀರಮ್ಮ ಪೆಟ್ಟಿಗೆಯನ್ನು ಸ್ಟೂಲಿನ ಮೇಲೇರಿಸಿ, ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಳಿಸಿದಳು.

"ಇದು ನನಗೆ ಹೊಳೆದಿರಲಿಲ್ಲ," ಎಂದರು ಗಿರಿಜಾಂಬಾ. "ಎರಡು ದಿನ ನೋಡೋಣ. ಉಸಿರು ಸರಿಹೋಗದಿದ್ದರೆ ದನದ ಡಾಕ್ಟರಲ್ಲಿಗೆ ಒಯ್ಯಬೇಕು."

ಎರಡು ದಿನದಲ್ಲಿ ಸರಿಹೋಗಲಿಲ್ಲ. ಡಾಕ್ಟರಲ್ಲಿಗೆ ಒಯ್ದರು. ಅವರೂ ಪೆಟ್ಟಿಗೆಯ ಕಥೆ ಕೇಳಿ, ಮಾಡಿದ್ದೇ ಸರಿಯೆಂದು ಹೇಳಿ, ಔಷಧ ಕೊಟ್ಟರು. ದೇವೀರಮ್ಮ ಏಳುತ್ತ ಕೂರುತ್ತ ಪೆಟ್ಟಿಗೆಯನ್ನು ನೋಡುತ್ತಿದ್ದಳು. ಆದರೆ ಏನನ್ನೂ ಕೂಡಿಸಲಿಲ್ಲ. ಸುಮ್ಮನಿರುವುದು ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಒಂದು ಬೆಳಗ್ಗೆ ಮುಚ್ಚಳ ತೆಗೆದಾಗ ಹಾವು ಕಾಣಲಿಲ್ಲ. ಬಗ್ಗಿ ನೋಡಿದರೆ, ಮಡಕೆಯ ಚೂರಿನ ಪಕ್ಕದಲ್ಲಿ ಮಣ್ಣು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು.

"ಹೂತ್ಕೊಂಡದೆ ಕಣೇ ಚಂದ್ರಾ!" ಎಂದು ಕೂಗಿದಳು. ಅದೇ ವಾರ ಅದು ಇಲಿ ನುಂಗಿತು.

ಚಂದ್ರಮತಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಲಿಂಗಯ್ಯ ಅಂಗಡಿಯಿಂದ ತೊಟ್ಟಿಲು ಹೊರಿಸಿಕೊಂಡು ಬಂದನು. ಬೀಟೆಮರ, ದಂತದ ಗಿಳಿಗಳು, ಕನ್ನಡಿಯಂಥ ಪಾಲಿಶ್. ವಠಾರವೆಲ್ಲ ನೋಡಲು ಸೇರಿತು. ದೇವೀರಮ್ಮ ಹಾಸಲೆಂದು ಟ್ರಂಕಿನಿಂದ ತೆಗೆದ ಮೆತ್ತನೆಯ ಸೀರೆಯನ್ನು ಮೂಗಿಗೆ ಹಿಡಿದಳು, ನುಸಿಗುಳಿಗೆ. ತೊಟ್ಟಿಲೊಳಗೆ ಮುಖ ಇಟ್ಟಳು, ಅದೇ ಘಾಟು.

"ಎರಡನ್ನೂ ಆಚೆ ಹಾಕಿ. ಸೀರೆ ನೀರಿಗೆ, ತೊಟ್ಟಿಲು ಗಾಳಿಗೆ."

"ನಾಳೆ ಶಾಸ್ತ್ರ ಕಣೇ! ಬೀಗರು ಬರ್ತಾರೆ," ಎಂದನು ಲಿಂಗಯ್ಯ.

"ಬರ್ಲಿ. ಹುಳಕ್ಕೆ ಆಗದ್ದು ಕೂಸಿಗೆ ಎಂಗಾದದು?"

ಮರುದಿನ, ಒಗೆದು ಒಣಗಿಸಿದ ಹತ್ತಿಯ ಪಂಚೆಯ ಜೋಲಿಯಲ್ಲಿ ಮಗುವಿಗೆ ಹೆಸರಿಟ್ಟರು. ಕುಸುರಿಯವನ ಮನೆಯಲ್ಲಿ ತೊಟ್ಟಿಲಿಲ್ಲವೇ ಎಂದು ಬೀಗಿತ್ತಿ ಚುಚ್ಚಿದಳು. "ಅದೆ, ಬಿಸಿಲು ಕಾಯಿಸ್ತಾ ಅದೆ," ಎಂದಳು ದೇವೀರಮ್ಮ, ಜೋಲಿ ತೂಗುತ್ತ.

ಓದಿದವರೂ ಓದಿಸಿ ಕೇಳಿದವರೂ ಗಮನಿಸಬೇಕು. ಗುರುತು ತಿಳಿಯದ ಹಾವನ್ನು ಮುಟ್ಟಬೇಡಿ, ವಿಷದ ಹಾವನ್ನು ಮನೆಯಲ್ಲಿಡಬೇಡಿ. ಆದರೆ ನಿಮ್ಮ ಆಶ್ರಯದಲ್ಲಿ ಸಾಧು ಹಾವೊಂದಿದ್ದು, ಅದರ ಗೂಡನ್ನು ಬದಲಿಸುವುದಾದರೆ, ಅದು ಹುಟ್ಟಿದ ನೆಲದಲ್ಲಿ ಏನಿತ್ತೆಂದು ಮೊದಲು ಕೇಳಿಕೊಳ್ಳಿ. ಒಣಮಣ್ಣು, ಬಣ್ಣವಿಲ್ಲದ ಹಳೆಯ ಮರ, ಸುಟ್ಟ ಮಡಕೆ, ಶುದ್ಧ ನೀರು ಸಾಕು. ಗಂಧ, ದೇವದಾರುಗಳ ಹೊಟ್ಟು, ಕರ್ಪೂರ, ನುಸಿಗುಳಿಗೆ, ಹಸಿ ಪಾಲಿಶ್, ಹೊಗೆ, ಚೂಪಾದ ತಂತಿ ಬೇಡ. ಜೀವವನ್ನು ಒಳಗೆ ಬಿಡುವ ಮುನ್ನ ನಿಮ್ಮ ಮುಖವನ್ನೇ ಅದರಲ್ಲಿಟ್ಟು ಉಸಿರಾಡಿ. ನೀವು ಇರಲಾರದ ಕಡೆ ಅದನ್ನು ಇಡಬೇಡಿ.