ಇಪ್ಪತ್ತೇಳು ನಂಬರ್ ಎಲ್ಲಿ ಬಂತು?

ಗಿರಣಿ ಯಲ್ಲಪ್ಪ ಹುಟ್ಟಿದಾಗಿನಿಂದ ಇಷ್ಟು ಹೊತ್ತು ಮೊಬೈಲು ನೋಡಿದವನಲ್ಲ. ಮೂಡಲಗಿಯಲ್ಲಿ ರೇಸು ಮುಗಿಯುವ ಬಿಳಿ ಗೆರೆಯ ಪಕ್ಕ, ಬೇವಿನ ಗಿಡದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದ್ದೇ ನೋಡಿದ್ದು. ಹೆಣ್ಣುಮಕ್ಕಳ ಸೈಕಲ್ ರೇಸು ಹುಕ್ಕೇರಿಯಿಂದ ಹೊರಟು ಧುಪದಾಳ, ಗೋಕಾಕ, ನಾಗನೂರ ದಾಟಿ ಇಲ್ಲಿಗೆ ಬರಬೇಕು. ಟೀವಿಯವರು ಯಾರೂ ಬಂದಿರಲಿಲ್ಲ. ಬರದಿದ್ದರೆ ಬಿಡಲಿ, ಮೊಬೈಲ್ ಅಂಗಡಿಯ ಅಭಿಷೇಕ ಒಂದು ವಾಟ್ಸಾಪ್ ಗ್ರೂಪು ಕಟ್ಟಿದ್ದ: ‘ರೇಸ್ ಎಲ್ಲಿ ಬಂತು?’ ದಾರಿಯುದ್ದಕ್ಕೂ ನಿಂತವರು ತಮ್ಮ ತಮ್ಮ ಊರಲ್ಲಿ ಕಂಡದ್ದನ್ನು ಹಾಕಬೇಕು, ಉಳಿದವರು ನೋಡಬೇಕು. ನಡುನಡುವೆ ಮಾರಾಟಕ್ಕಿಟ್ಟ ಎಮ್ಮೆಯ ಫೋಟೋ, ಗುಲಾಬಿ ಹೂವಿನ ಶುಭೋದಯವೂ ಬಂದು ಬೀಳುತ್ತಿದ್ದವು ಅನ್ನಿ; ಅದನ್ನು ತಡೆಯುವುದು ಬ್ರಹ್ಮನಿಂದಲೂ ಆಗದು.

ಯಲ್ಲಪ್ಪನಿಗೆ ಬೇಕಾದದ್ದು ಒಂದೇ ನಂಬರು, ಇಪ್ಪತ್ತೇಳು. ಅವನ ಮಗಳು ಕಾಜಲ್. ಹೋದ ವರ್ಷ ಇಂಥದೇ ರೇಸಿನಲ್ಲಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ಬಂದ ದಿನವೇ ಹೆಂಡತಿ ನಂದಾ ಅವನ ಕೈಯನ್ನು ಮಗಳ ತಲೆಯ ಮೇಲಿಡಿಸಿ ಆಣೆ ಮಾಡಿಸಿದ್ದಳು: “ಇನ್ನ ಈ ಮನ್ಯಾಗ ರೇಸಿನ ಹೆಸರ ಎತ್ತಬಾರದ್ರಿ.”

ಹೆಸರನ್ನು ಅವನು ಎತ್ತಲೂ ಇಲ್ಲ. ಆದರೆ ಎಲುಬು ಕೂಡಿದ ಮೇಲೆ ಹುಡುಗಿ ಕೋಳಿ ಕೂಗುವ ಹೊತ್ತಿಗೆ ಎದ್ದು, ಗಿರಾಕಿಗಳ ಮನೆಗೆ ಹಿಟ್ಟು ಕೊಟ್ಟು ಬರುತ್ತೇನೆಂದು ಸೈಕಲ್ ಹತ್ತಿದರೆ, ಹಿಟ್ಟಿನ ಚೀಲವನ್ನು ಅಪ್ಪನೇ ಕಟ್ಟಿಕೊಡುತ್ತಿದ್ದ. ಚೀಲ ಹೋದ ಹಾಗೆಯೇ ತಿರುಗಿ ಬರುತ್ತಿತ್ತು. ರೇಸಿನ ಕಾಗದಕ್ಕೆ ಗಿರಣಿಯಲ್ಲೇ ಕೂತು ಸಹಿ ಹಾಕಿದ. ಕಾಜಲ್ ಹುಕ್ಕೇರಿಯ ಗೆಳತಿಯ ಮನೆಗೆ ಹೋಗಿದ್ದಾಳೆಂದು ಹೆಂಡತಿಗೆ ಹೇಳಿದ. ಅವನ ಪುಣ್ಯ ನೋಡಿ, ನಂದಾ ತಾನಾಗಿಯೇ ತವರೂರು ಮಮದಾಪುರಕ್ಕೆ ಹೊರಟು ನಿಂತಳು. ರೇಸು ಅತ್ತ ಸುಳಿಯುವುದೇ ಇಲ್ಲ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ಆ ಬೆಕ್ಕಿಗೂ ಇವನಷ್ಟು ಧೈರ್ಯ ಇರಲಿಕ್ಕಿಲ್ಲ.

ಧುಪದಾಳದ ಒಡ್ಡಿನ ಹತ್ತಿರ ನಿಂತಿದ್ದ ಸತ್ಯಪ್ಪ ಮೊದಲು ಬರೆದ: “ಇಪ್ಪತ್ತೇಳು ಗುಂಪಿನ ನಡುವ ಅದಾಳ್ರಿ.” ಗೋಕಾಕದಿಂದ ಬಸವಣ್ಣೆಪ್ಪ ವಿಡಿಯೋ ಹಾಕಿದ. ಅದರಲ್ಲಿ ಕೆಂಪು ಅಂಗಿಯ ಕಾಜಲ್ ಗುಂಪಿನ ಬಾಲದಲ್ಲಿದ್ದಳು. ನೀರಿನ ಬಾಟಲಿ ಎತ್ತಿ ಬೆನ್ನು ತೊಯ್ಯುವಷ್ಟು ಮೈಮೇಲೆ ಸುರಿದುಕೊಳ್ಳುತ್ತಿದ್ದಳು. ಹಿಂದಿದ್ದರೂ ಚಿಂತೆಯಿಲ್ಲ, ನೆಟ್ಟಗಿದ್ದಾಳಲ್ಲ ಎಂದು ಯಲ್ಲಪ್ಪ ಒಂದು ಚಹಾ ಕುಡಿದ.

ಆಮೇಲೆ ಬಂತು ಆ ಫೋಟೋ. ರಸ್ತೆಯ ಬದಿಗೆ ಬಿದ್ದ ಸೈಕಲ್ಲು, ಸುತ್ತ ಜನ, ಜನರ ಕಾಲುಗಳ ನಡುವೆ ಒಂದು ಕೆಂಪು ಅಂಗಿ. ಕೆಳಗೆ ಬರೆದಿತ್ತು: “ಗೋಕಾಕ ದಾಟಿದ ಮ್ಯಾಲ ಒಬ್ಬಾಕಿ ಬಿದ್ದಾಳ್ರಿ. ನಂಬರ ಕಾಣವಲ್ದು.”

ಯಲ್ಲಪ್ಪ ಮೊಬೈಲನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ.

ನಾಗನೂರಿನಿಂದ ಫೋಟೋ ಸಾಲಾಗಿ ಬರತೊಡಗಿದವು. ಎಲ್ಲರಿಗಿಂತ ಮುಂದೆ ಹಳದಿ ಅಂಗಿಯವಳೊಬ್ಬಳು, “ಯಾರೋ ಹೊರಗಿನಾಕಿ ಇರಬೇಕ್ರಿ” ಎಂದು ಯಾರೋ ಬರೆದರು. ಅವಳ ಹಿಂದೆ ಗುಂಪು, ಗುಂಪಿನ ಹಿಂದೆ ದಣಿದವರು. ಗ್ರೂಪಿನವರೆಲ್ಲ ಸೇರಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

“ಗುಂಪಿನ್ಯಾಗ ಇಪ್ಪತ್ತೇಳು ಇಲ್ರಿ.”

“ಹಿಂದ ಉಳದವರಾಗೂ ಇಲ್ರಿ.”

“ಅಂದ್ರ ಬಿದ್ದಾಕಿನ ಇಪ್ಪತ್ತೇಳು, ಖರೆ.”

ಜನಕ್ಕೇನು, ಹೇಳಿ ಕೈ ತೊಳೆದುಕೊಂಡರು. ಹೆತ್ತವಳಿಂದ ಮುಚ್ಚಿಟ್ಟು ಕಳಿಸಿದೆನಲ್ಲ, ಆ ಆಣೆ ಹುಡುಗಿಗೇ ತಟ್ಟಿತಲ್ಲ ಎಂದು ಯಲ್ಲಪ್ಪ ಪಕ್ಕದಲ್ಲೇ ನಿಂತಿದ್ದ ಅಭಿಷೇಕನ ತೋಳು ಹಿಡಿದ.

“ಅಭಿ, ಗಾಡಿ ತಗಿ. ಗೋಕಾಕಕ್ಕ ಹೋಗೂಣು.”

“ತಡೀರಿ ಕಾಕಾ, ಆಕಿನ ಅಂತ ಇನ್ನೂ...”

“ತಗಿ ಅಂದ್ರ ತಗಿ! ನಿನ್ನ ಕಾಕೂಗೂ ಹೇಳಿಬಿಡತೇನಿ. ಆಸ್ಪತ್ರಿ ಬಾಗಲದಾಗ ನಿಂತು ಹೇಳೂದಕಿಂತ ಈಗ ಹೇಳೂದು ಚಲೋ.”

ನಂದಾಳಿಗೆ ಫೋನು ಹಚ್ಚಿದ. ರಿಂಗಾಯಿತು, ಮತ್ತೂ ರಿಂಗಾಯಿತು. ಎತ್ತಲಿಲ್ಲ. ಅಷ್ಟರಲ್ಲಿ ಅಭಿಷೇಕ ಗಾಡಿಗೆ ಒದೆಯುವುದನ್ನು ಬಿಟ್ಟು ತನ್ನ ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದ. ನಾಗನೂರಿನ ವಿಡಿಯೋ ಈಗಷ್ಟೇ ಪೂರ್ತಿ ಇಳಿದಿತ್ತು.

“ಕಾಕಾ, ಇದನ್ನ ನೋಡ್ರಿ ಮೊದಲ.”

ಎಲ್ಲರಿಗಿಂತ ಮುಂದೆ ಒಬ್ಬಳು ಬರುತ್ತಿದ್ದಳು. ಅಂಗಿ ಹಳದಿಯಲ್ಲ, ಕೆಂಪು. ನೀರಿಗೆ ಬೆನ್ನಿಗೆ ಅಂಟಿದ ಕೆಂಪು. ಜನರ ನಡುವಿನಿಂದ ಹಸಿರು ಸೀರೆಯ ಹೆಂಗಸೊಬ್ಬಳು ಸೆರಗು ಸಿಕ್ಕಿಸಿ ಮುಂದೆ ಬಂದು, ತಟ್ಟೆಯಲ್ಲಿದ್ದ ಭಂಡಾರವನ್ನೆಲ್ಲ ಅವಳ ಮೇಲೆ ಎರಚಿದಳು. ಒದ್ದೆ ಅಂಗಿ, ಹೆಲ್ಮೆಟ್, ನಂಬರು, ಎಲ್ಲ ಅರಿಶಿನ! ಈ ಸೀಮೆಯಲ್ಲಿ ಕುಸ್ತಿ ಗೆದ್ದ ಪೈಲವಾನನಿಗೆ, ಚುನಾವಣೆ ಗೆದ್ದವನಿಗೆ ಭಂಡಾರ ಎರಚುವುದು ರೂಢಿ. ಆದರೆ ಗೆದ್ದ ಮೇಲೆ ಎರಚುತ್ತಾರೆ. ಈ ಹೆಂಗಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಎರಚಿ, ಸೈಕಲ್ಲಿನ ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಕೂಗಿದಳು: “ಹಿಂದ ನೋಡಬ್ಯಾಡ ನನ್ನವ್ವಾ, ನಡೀ!”

ಮದುವೆಯಾದಾಗಿನಿಂದ ಆ ದನಿಗೇ ಏಳುವವನು, ಆ ದನಿಗೇ ಊಟಕ್ಕೆ ಕೂರುವವನು ಯಲ್ಲಪ್ಪ.

“ನಂದಾ,” ಅಂದ. “ಮಮದಾಪುರಕ್ಕ ಹೋದಾಕಿ!”

“ಎಪ್ಪಾ! ನಾವು ಊರ ಮಂದಿಯೆಲ್ಲ ಹಿಂದ ಹುಡಕಾಕತ್ತೀವಿ, ಆಕಿ ಮುಂದ ಹೋಗ್ಯಾಳ!” ಎಂದು ಅಭಿಷೇಕ ಕುಣಿದೇಬಿಟ್ಟ. ಅದೇ ಹೊತ್ತಿಗೆ ಬಸವಣ್ಣೆಪ್ಪನ ಇನ್ನೊಂದು ಫೋಟೋ ಬಂತು. ಬಿದ್ದವಳು ವಿಜಯಪುರದ ಹುಡುಗಿ, ಮೊಣಕಾಲು ತರಚಿದೆ ಅಷ್ಟೆ, ಯಾರದೋ ಕಟ್ಟೆಯ ಮೇಲೆ ಕೂತು ಕರದಂಟು ತಿನ್ನುತ್ತಿದ್ದಾಳೆ. ಯಲ್ಲಪ್ಪ ನೆಲಕ್ಕೆ ಕೂತು, ನಾಚಿಕೆ ಬಿಟ್ಟು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಗಿತ್ತು.

ಫೋನು ರಿಂಗಾಯಿತು.

“ಫೋನ್ ಮಾಡಿದ್ರಲ್ಲ? ಎಲ್ಲಿ ಅದೀರಿ?”

“ಗಿರಣ್ಯಾಗ,” ಎಂದುಬಿಟ್ಟ. ರೂಢಿ ನೋಡಿ, ನಾಲಿಗೆ ತಾನೇ ಹೊರಳಿತು. ಅಷ್ಟಕ್ಕೇ ಹಿಂದಿನಿಂದ ಹುಡುಗರು ಸಿಳ್ಳೆ ಹೊಡೆಯಲು ಶುರು ಮಾಡಿದರು.

“ಗಿರಣಿ ಯಾವಾಗಿಂದ ಸೀಟಿ ಹೊಡಿಯಾಕತ್ತೈತ್ರಿ?”

ಯಲ್ಲಪ್ಪ ಸೋತ. “ನಂದಾ, ನಿನಗ ಯಾವಾಗ ಗೊತ್ತಾತು?”

“ಮುಂಜಾನಿ ಐದಕ್ಕ ಯಾರ ಮನ್ಯಾಗ ಹಿಟ್ಟ ತೀರತೈತ್ರಿ?”

“ಮತ್ತ ಬ್ಯಾಡ ಅನಲೇ ಇಲ್ಲಲ್ಲ ನೀ?”

“ಅಂದಿದ್ರ ಇಬ್ಬರೂ ಬಿಟ್ಟುಬಿಡತಿದ್ರಿ. ಅದಕ್ಕ ಅನಲಿಲ್ಲ. ಈಗ ಮಾತ ಬಿಡ್ರಿ. ಬಂದ್ಲೇನು ನೋಡ್ರಿ.”

ಯಲ್ಲಪ್ಪ ಎದ್ದು ನಿಂತ. ತಿರುವಿನಲ್ಲಿ ಜನ ಎರಡಾಗಿ ಸರಿದರು. ಹಲಗೆಯ ಸದ್ದಿಗೆ ಕಿವಿ ತುಂಬಿತು. ತಲೆಯಿಂದ ಕಾಲಿನವರೆಗೆ ಅರಿಶಿನವಾದ ಹುಡುಗಿಯೊಬ್ಬಳು ಹಲ್ಲು ಕಚ್ಚಿಕೊಂಡು ಬಂದಳು, ಬಿಳಿ ಗೆರೆ ದಾಟಿದಳು.

“ಬಂದ್ಲು ನಂದಾ, ಬಂದ್ಲು! ಮುಂದ ಯಾರೂ ಇಲ್ಲ! ಮೊದಲನೇ ನಂಬರ!”

“ಅದನ್ನ ಯಾರ ಕೇಳಿದ್ರು?” ನಂದಾಳ ದನಿ ಒಡೆದಿತ್ತು. “ಬಿದ್ದಿಲ್ಲಲ್ಲಾ?”

ಕಾಜಲ್ ಸೈಕಲ್ಲಿನಿಂದ ಇಳಿದು, ಅಪ್ಪನನ್ನು ಹುಡುಕುತ್ತ ಕಣ್ಣೊಳಗಿನ ಅರಿಶಿನ ಒರೆಸಿಕೊಳ್ಳುತ್ತಿದ್ದಳು.

“ಇಲ್ಲ,” ಅಂದ ಯಲ್ಲಪ್ಪ. “ಬಿದ್ದಿಲ್ಲ. ಎರಡೂ ಕಾಲ ಮ್ಯಾಲ ನಿಂತಾಳ.”